ಎಲ್ಕ್ ಬೇಟೆ: ಚೀಲದ ಭಾರ ಇಳಿಸೋದು ಹೇಗೆ?

ಪ್ರಶ್ನೆ: ಅಕ್ಟೋಬರ್‌ನಲ್ಲಿ ಎಲ್ಕ್ (ದೊಡ್ಡ ಜಾತಿಯ ಜಿಂಕೆ) ಬೇಟೆಗೆ ಅಮೆರಿಕದ ಕೊಲರಾಡೋ ಕಾಡಿಗೆ 5 ದಿನ ಹೋಗುತ್ತಿದ್ದೇನೆ. ಲೈಸೆನ್ಸ್ ಸಿಕ್ಕಿದೆ. ರೈಫಲ್ ಬಿಟ್ಟು ಚೀಲವೇ 24 ಕೆಜಿ! ಅಮ್ಮನ ಚಟ್ನಿಪುಡಿ ಡಬ್ಬಿ ಮಾತ್ರ ಬಿಡಲ್ಲ. ಬೇರೆ ಏನು ತೆಗೆಯಲಿ?

ಉತ್ತರ 1: ಪುಡಿ ಇರಲಿ, ಡಬ್ಬಿ ಬಿಡಿ. ಜಿಪ್ ಕವರ್ ಸಾಕು. ಎರಡನೇ ಪ್ಯಾಂಟು, ಕುರ್ಚಿ ಎಲ್ಲ ಸುಮ್ನೆ ಭಾರ. ಕಣ್ಣಿಗೆ ಹೊಡೆಯುವ ಫ್ಲೋರೊಸೆಂಟ್ ಕಿತ್ತಳೆ ಅಥವಾ ಗುಲಾಬಿ ಬಣ್ಣದ ಜಾಕೆಟ್, ಟೋಪಿ ಮರೆಯಬೇಡಿ. ಅದು ಕಾನೂನು.

ಉತ್ತರ 2: ನೀರಿನ ಫಿಲ್ಟರ್ ಹೊರಗಿಟ್ಟು ಮಲಗಿದ್ದೆ. ರಾತ್ರಿ ಹೆಪ್ಪುಗಟ್ಟಿ ಹಾಳಾಯ್ತು. ಈಗ ಸ್ಲೀಪಿಂಗ್ ಬ್ಯಾಗ್ ಒಳಗೇ ಅದಕ್ಕೂ ಜಾಗ! ಮಾಂಸ ಕಟ್ಟುವ ಬಟ್ಟೆ ಚೀಲ ಮಾತ್ರ ಕಡಿಮೆ ಮಾಡಬೇಡಿ. ಎಲ್ಕ್ ಸಿಕ್ಕರೆ ಮೂಳೆ ಬಿಡಿಸಿದರೂ ಮೂರ್ನಾಲ್ಕು ಸಲ ಹೊರಬೇಕು. ಒಬ್ಬರೇ ಹೋಗ್ತಿಲ್ಲ ಅಲ್ವಾ?

ಪ್ರಶ್ನೆ ಕೇಳಿದವರು: ಭಾವ ಬರ್ತಾರೆ. ಕುರ್ಚಿ ಅವರದ್ದೇ!