ಸಹಾಯ ಬೇಕು: ಹೊಸ ಊರಲ್ಲಿ ಮೀನು ಸಾರು ತಿನ್ನೋ ಮುಂಚೆ ಏನು ಕೇಳಬೇಕು?

ಪ್ರಯಾಣದಲ್ಲಿ ಆಯಾ ಊರಿನ ಹಳೇ ಶೈಲಿಯ ಮೀನು ಸಾರು ತಿನ್ನೋರಿಗೆ ಒಂದು ಪ್ರಶ್ನೆ. ಹಸಿ ಮೀನಾದ್ರೆ ತಾಜಾನಾ ಅಂತ ನೋಡೋದು ಕಷ್ಟ ಇಲ್ಲ: ಕಣ್ಣು ಉಬ್ಬಿರಬೇಕು, ಕಿವಿರು ಕೆಂಪಗಿರಬೇಕು, ಬೆರಳಲ್ಲಿ ಒತ್ತಿದ ಗುಳಿ ತಕ್ಷಣ ಮೇಲೇಳಬೇಕು. ಸಾರಾದ ಮೇಲೆ ಇದ್ಯಾವುದೂ ಉಪಯೋಗಕ್ಕೆ ಬರಲ್ಲ, ಹುಳಿ ಖಾರ ಎಲ್ಲಾ ವಾಸನೆ ಮುಚ್ಚಿಬಿಡುತ್ತೆ.

ಈವರೆಗೆ ಪಾಲಿಸ್ತಿರೋದು ಇಷ್ಟು. ಜನ ತುಂಬೋ ಹೊತ್ತಲ್ಲೇ ಹೋಗೋದು, ಹಬೆಯಾಡೋ ಸಾರನ್ನೇ ಕೇಳೋದು (60 ಡಿಗ್ರಿ ಸೆಲ್ಸಿಯಸ್‌ಗಿಂತ ತಣ್ಣಗಾಗಿ 2 ಗಂಟೆ ದಾಟಿದ್ದು ಬೇಡವೇ ಬೇಡ), ಬೆಂದರೂ ಬಾಯಿ ಬಿಡದ ಚಿಪ್ಪುಮೀನನ್ನ ಪಕ್ಕಕ್ಕಿಡೋದು.

ಗೊಂದಲ ಇರೋದು ಬಂಗುಡೆ, ಟ್ಯೂನಾ ಥರದ ಮೀನಲ್ಲಿ. ಐಸ್ ಇಲ್ಲದೆ ಬಿಟ್ಟರೆ ಬ್ಯಾಕ್ಟೀರಿಯಾದಿಂದ ಇವುಗಳ ಮಾಂಸದಲ್ಲಿ ಹಿಸ್ಟಮಿನ್ ಅನ್ನೋ ರಾಸಾಯನಿಕ ಸೇರ್ಕೊಳ್ಳುತ್ತೆ. ಆಮೇಲೆ ಎಷ್ಟು ಕುದಿಸಿದ್ರೂ ಅದು ಹೋಗಲ್ಲ. ತಿಂದ ಸ್ವಲ್ಪ ಹೊತ್ತಿಗೇ ಮುಖ ಕೆಂಪಾಗಿ ತುರಿಕೆ, ತಲೆನೋವು. ನೋಡೋಕೆ ಅಲರ್ಜಿ ಥರಾನೇ. ನಾಲಗೆಗೆ ಕಾಳುಮೆಣಸಿನಂಥ ಚುರುಕು ಹತ್ತಿದ್ರೆ ಬಿಟ್ಟುಬಿಡಿ ಅಂತಾರೆ. ಸರಿ, ಆದ್ರೆ ಖಾರದ ಸಾರಲ್ಲಿ ಆ ಚುರುಕನ್ನ ಬೇರೆ ಮಾಡೋದು ಹೇಗೆ ಸ್ವಾಮಿ?

ಮೀನು ಮಾರೋರು, ಹೋಟೆಲ್ ಅಡುಗೆಯವರು ದಯವಿಟ್ಟು ಹೇಳಿ: ಹಿಡಿದಾಗಿನಿಂದ ಒಲೆಗೇರೋವರೆಗೂ ಮೀನು ಐಸ್‌ನಲ್ಲೇ ಇತ್ತಾ ಅಂತ ತಿಳಿಯೋಕೆ ಆರ್ಡರ್ ಕೊಡೋ ಮುಂಚೆ ಯಾವ ಪ್ರಶ್ನೆ ಕೇಳಬೇಕು? ಅಥವಾ ಈ ಜಾತಿ ಮೀನನ್ನೇ ಬಿಟ್ಟು ಬೇರೆ ಮೀನಿನ ಸಾರು ಕೇಳೋದೇ ಸರಿನಾ?