ಆರು ವಾರ ಬಿಟ್ಟ ಮೌಂಜಾರೋ, ಮತ್ತೆ 7.5ರಿಂದಲೇ ಶುರು ಮಾಡಬಹುದಾ?

ಪ್ರಶ್ನೆ, ಜಯನಗರ:
ಮೌಂಜಾರೋ (ಶುಗರ್, ತೂಕ ಇಳಿಸಲು ವಾರಕ್ಕೊಮ್ಮೆ ಚುಚ್ಚಿಕೊಳ್ಳುವ ಇಂಜೆಕ್ಷನ್) ತಗೊಂಡು 9 ಕಿಲೋ ಇಳಿದಿದ್ದೆ, ಡೋಸ್ 7.5 ಮಿಲಿಗ್ರಾಂವರೆಗೆ ಹೋಗಿತ್ತು. ಅಕ್ಕನ ಮಗಳ ಮದುವೆ, ಓಡಾಟ, ಖರ್ಚು ಬೇರೆ, ಹಾಗಾಗಿ ಆರು ವಾರ ಬಿಟ್ಟೆ. ಈಗ ಹಸಿವು ಹೇಗಿದೆ ಅಂದ್ರೆ, ಬೆಳಿಗ್ಗೆ ಎರಡು ಮಸಾಲೆ ದೋಸೆ ತಿಂದರೂ 11 ಗಂಟೆಗೆ ಮತ್ತೆ ಡಬ್ಬಿ ತಡಕುತ್ತೇನೆ. ಫ್ರಿಜ್‌ನಲ್ಲಿ 7.5 ಇದೆ. ಅದನ್ನೇ ಚುಚ್ಚಿಕೊಳ್ಳಲಾ?

ಮಲ್ಲೇಶ್ವರದಿಂದ:
ಬೇಡ ಗುರು! ನಾನು ಹೀಗೇ ಮಾಡಿ ಎರಡು ದಿನ ವಾಂತಿ, ಕೊನೆಗೆ ಡ್ರಿಪ್ ಹಾಕಿಸಿಕೊಂಡೆ.

ಫಾರ್ಮಸಿ ಓದಿದವಳು:
ಈ ಔಷಧ ಸುಮಾರು 5 ದಿನಕ್ಕೆ ಅರ್ಧ ಆಗುತ್ತದೆ, ಅಂದ್ರೆ ಆರು ವಾರದಲ್ಲಿ ಮೈಯಲ್ಲಿ ಹೆಚ್ಚುಕಮ್ಮಿ ಏನೂ ಉಳಿದಿರಲ್ಲ, ಹೊಟ್ಟೆಗೆ ಆಗಿದ್ದ ಅಭ್ಯಾಸವೂ ಹೋಗಿರುತ್ತದೆ. ಇಷ್ಟು ಗ್ಯಾಪ್ ಆದರೆ ಡಾಕ್ಟರು ಸಾಮಾನ್ಯವಾಗಿ 2.5ರಿಂದಲೇ ಶುರು ಮಾಡಿಸುತ್ತಾರೆ, ನಾಲ್ಕು ವಾರಕ್ಕೊಮ್ಮೆ ಏರಿಸುತ್ತಾರೆ. ಒಂದೇ ಡೋಸ್ ತಪ್ಪಿದ್ದರೆ ಮಾತು ಬೇರೆ: 4 ದಿನದೊಳಗೆ ತಗೊಳ್ಳಬಹುದು, ಅದು ದಾಟಿದರೆ ಬಿಟ್ಟು ಮುಂದಿನ ವಾರದ್ದು. ಎರಡು ಡೋಸ್ ಒಟ್ಟಿಗೆ ಬೇಡವೇ ಬೇಡ. ಶುಗರ್‌ಗೆ ಇನ್ಸುಲಿನ್ ತಗೊಳ್ತಿದ್ದರೆ ಅದನ್ನೂ ಡಾಕ್ಟರಿಗೆ ಹೇಳಿ, ಶುಗರ್ ತೀರಾ ಇಳಿಯಬಹುದು. ಶುರು ಮಾಡಿದ ಮೇಲೆ ಹೊಟ್ಟೆನೋವು ಜೋರಾಗಿ ಬೆನ್ನಿಗೂ ಹರಡಿದರೆ ಕಾಯಬೇಡಿ, ಆಸ್ಪತ್ರೆಗೆ ಹೋಗಿ.

ವಿಜಯನಗರದಿಂದ:
ಆ ಔಷಧ ಫ್ರಿಜ್‌ನಲ್ಲೇ ಇತ್ತಾ? ಒಂದೇ ಡೋಸ್‌ನ ಬಾಟಲಿ ಆದರೆ, ಹೊರಗಿಟ್ಟರೆ 30 ಡಿಗ್ರಿ ಒಳಗೆ 21 ದಿನ ಅಷ್ಟೇ. ಹಸಿವು ಬಂದಿದ್ದಕ್ಕೆ ಬೇಜಾರಾಗಬೇಡಿ, ನಿಲ್ಲಿಸಿದರೆ ತುಂಬಾ ಜನಕ್ಕೆ ತೂಕ ವಾಪಸ್ ಬರುತ್ತದೆ.

ಜಯನಗರ:
ಫ್ರಿಜ್‌ನಲ್ಲೇ ಇತ್ತು. ಆದರೂ ಮುಟ್ಟಲ್ಲ, ಶನಿವಾರ ಡಾಕ್ಟರ ಹತ್ತಿರ ಹೋಗ್ತೀನಿ.