ಸಹಾಯ ಬೇಕು: ಯಕ್ಷಗಾನದ ಮಂಡಿಯನ್ನು ಲಾಬಾನೊಟೇಶನ್‌ನಲ್ಲಿ ಬರೆಯುವುದು ಹೇಗೆ?

ಎಲ್ಲರಿಗೂ ನಮಸ್ಕಾರ. ಪಿಎಚ್‌ಡಿಗಾಗಿ ಬಡಗುತಿಟ್ಟಿನ (ಯಕ್ಷಗಾನದ ಉತ್ತರದ ಶೈಲಿ) ಕುಣಿತವನ್ನು ಲಾಬಾನೊಟೇಶನ್‌ನಲ್ಲಿ ದಾಖಲಿಸುತ್ತಿದ್ದೇನೆ. ಕುಣಿತದ ಚಲನೆಗಳನ್ನು ಚಿಹ್ನೆಗಳಲ್ಲಿ ಬರೆಯಲು ರುಡಾಲ್ಫ್ ಲಾಬಾನ್ 1928ರಲ್ಲಿ ಪ್ರಕಟಿಸಿದ ಪದ್ಧತಿ ಇದು. ಕೆಳಗಿನಿಂದ ಮೇಲಕ್ಕೆ ಓದಬೇಕು, ಚಿಹ್ನೆ ಉದ್ದವಾದಷ್ಟೂ ಚಲನೆಗೆ ಜಾಸ್ತಿ ಹೊತ್ತು.

ಹೆಜ್ಜೆ, ಕೈ ಸಲೀಸಾಗಿ ಬಂದವು. ಸಿಕ್ಕಿಕೊಂಡಿದ್ದು ಮಂಡಿಯಲ್ಲಿ, ಅಂದರೆ ಮೊಣಕಾಲೂರಿ ಗಿರಗಿರ ಸುತ್ತುವ ಕುಣಿತದಲ್ಲಿ. ಭಾರ ಒಂದು ಮೊಣಕಾಲಿನಿಂದ ಇನ್ನೊಂದಕ್ಕೆ ಹೋಗುವುದನ್ನು ಬರೆಯಬಹುದು. ಆದರೆ ಎಷ್ಟು ಸುತ್ತು ಅನ್ನೋದು ಆ ರಾತ್ರಿಯ ಚಂಡೆ, ಭಾಗವತರು, ಕಲಾವಿದರ ಹುಮ್ಮಸ್ಸಿಗೆ ಬಿಟ್ಟದ್ದು, ಅಲ್ವಾ? ವಿಡಿಯೊ ನಿಧಾನ ಮಾಡಿ ನೋಡಿದೆ. ಅದೇ ಪದ್ಯ, ಅದೇ ಕಲಾವಿದರು, ಆದರೂ ಲೆಕ್ಕ ಹೊಂದಲಿಲ್ಲ. ಸುಮ್ನೆ ‘ಆಡ್ ಲಿಬ್’ (ಕಲಾವಿದರ ಇಷ್ಟಕ್ಕೆ ಬಿಟ್ಟದ್ದು) ಚಿಹ್ನೆ ಹಾಕಿದರೆ ಚಂಡೆಗೂ ಸುತ್ತಿಗೂ ಇರುವ ನಂಟೇ ಕಾಣೆಯಾಗುತ್ತದೆ.

ಒಂದೇ ರಾತ್ರಿಯ ಆಟವನ್ನು ಇದ್ದಂತೆ ಬರೆಯಲಾ, ಇಲ್ಲ ಆಡ್ ಲಿಬ್ ಚಿಹ್ನೆಯ ಪಕ್ಕ ಚಂಡೆಯ ಬಾಯಿತಾಳ (ಪೆಟ್ಟುಗಳನ್ನು ಬಾಯಲ್ಲಿ ಹೇಳುವ ರೂಪ) ಸೇರಿಸಲಾ? ಇಂಥ ಕುಣಿತ ಬರೆದವರು ಯಾವುದನ್ನು ಮಾಡಿದ್ದೀರಿ?